ಮಲಗಿದಲ್ಲೇ ಒಂದು ನಡಿಗೆ

ಹೋದ ಬೇಸಿಗೆಯಲ್ಲಿ ನಮ್ಮಪ್ಪ ಮೈಸೂರಿನಿಂದ ಬಂದು ಮೂರು ತಿಂಗಳು ಮ್ಯೂನಿಕ್‌ನಲ್ಲಿ ನಮ್ಮ ಜೊತೆ ಇದ್ದರು. ವಯಸ್ಸು 76. ಪಾರ್ಕಿನ್ಸನ್ ಕಾಯಿಲೆ ಶುರುವಾಗಿ ಎಂಟು ವರ್ಷ. ಕೈ ನಡುಗುವುದು, ಬರೆಯುವ ಅಕ್ಷರ ಸಾಲಿನಿಂದ ಸಾಲಿಗೆ ಸಣ್ಣದಾಗುತ್ತಾ ಹೋಗುವುದು, ಇವೆಲ್ಲ ನಮಗೆ ದೂರದಿಂದಲೇ ಗೊತ್ತಿದ್ದ ಸಂಗತಿಗಳು. ಗೊತ್ತಿಲ್ಲದೇ ಇದ್ದದ್ದು ಅಡುಗೆಮನೆಯ ಬಾಗಿಲಿನ ವಿಷಯ.

ಹಾಲ್‌ನಲ್ಲಿ ತಕ್ಕಮಟ್ಟಿಗೆ ಚೆನ್ನಾಗಿಯೇ ನಡೆದು ಬರುತ್ತಿದ್ದರು. ಅಡುಗೆಮನೆಯ ಹೊಸಿಲ ಹತ್ತಿರ ಬಂದ ಕೂಡಲೇ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತಿತ್ತು. ಮೈ ಮುಂದಕ್ಕೆ ವಾಲುತ್ತದೆ, ಪಾದ ಮಾತ್ರ ನಿಂತಲ್ಲೇ ನಡುಗುತ್ತದೆ. ಒಳಗಿನಿಂದ ನಮ್ಮಾಕೆ, "ಮಾವ, ಕಾಫಿ ಆರಿಹೋಗುತ್ತೆ, ಬನ್ನಿ" ಎನ್ನುವುದು. ಹಿಂದಿನಿಂದ ನಾವು, "ಅಪ್ಪಾ, ಇನ್ನೊಂದೇ ಹೆಜ್ಜೆ, ಹಾಕಿ" ಎನ್ನುವುದು. ಅವಸರ ಮಾಡಿದಷ್ಟೂ ಕಾಲು ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿತ್ತು. ಆದರೆ ಇದೇ ಅಪ್ಪ ಸಂಜೆ ಭೂಗತ ರೈಲಿನ ನಿಲ್ದಾಣದಲ್ಲಿ ಕಂಬಿ ಹಿಡಿದುಕೊಂಡು ಮೂವತ್ತು ಮೆಟ್ಟಿಲು ಸರಾಗವಾಗಿ ಹತ್ತಿಬಿಡುತ್ತಿದ್ದರು!

ಇದನ್ನು ನೋಡಿದವರಿಗೆ ಏನನ್ನಿಸುತ್ತದೆ? ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನಮಗೆ ಅನ್ನಿಸಿದ್ದು ಹಠ ಎಂದು. ಅನ್ನಿಸಿದ್ದಷ್ಟೇ ಅಲ್ಲ, ಒಂದು ಸಂಜೆ ಬಾಯಿಬಿಟ್ಟು ಹೇಳಿಯೂಬಿಟ್ಟೆವು: "ಅಷ್ಟು ಮೆಟ್ಟಿಲು ಹತ್ತೋಕಾಗುತ್ತೆ, ಒಂದು ಬಾಗಿಲು ದಾಟೋಕಾಗಲ್ವಾ?" ಅಪ್ಪ ಉತ್ತರ ಕೊಡಲಿಲ್ಲ. ಮಾರನೇ ಬೆಳಿಗ್ಗೆ ಕಾಫಿಗೆ ಬರಲೂ ಇಲ್ಲ. ತಮ್ಮ ಕೋಣೆಯಲ್ಲೇ ಕಿಟಕಿ ಕಡೆ ಮುಖಮಾಡಿ ಕೂತಿದ್ದರು.

ಇಪ್ಪತ್ತು ವರ್ಷ ಸಾಫ್ಟ್‌ವೇರ್ ಬರೆದವರಿಗೆ ಒಂದು ಪಾಠ ಗೊತ್ತಿರಬೇಕಿತ್ತು. ಪ್ರತಿ ಸಲವೂ ಒಂದೇ ಜಾಗದಲ್ಲಿ ಕೆಡುವ ಪ್ರೋಗ್ರಾಮನ್ನು ಯಾರೂ 'ಹಠಮಾರಿ' ಎಂದು ಬೈಯುವುದಿಲ್ಲ, ಒಳಗೆ ಏನಾಗುತ್ತಿದೆ ಎಂದು ಹುಡುಕುತ್ತಾರೆ. ತಡವಾಗಿಯಾದರೂ ನಾವು ಹುಡುಕಲು ಕೂತೆವು. ಹುಡುಕುತ್ತಾ ಹೋದಾಗ ಸಿಕ್ಕಿದ ಮುಖ್ಯವಾದ ಸಂಶೋಧನೆಗಳಲ್ಲಿ ಕೆಲವು ನಡೆದದ್ದು ನಾವು ದಿನಾ ಹತ್ತುವ ಯು-6 ರೈಲಿನ ದಾರಿಯಲ್ಲೇ ಇರುವ ಗ್ರೋಸ್‌ಹಾಡರ್ನ್ ಆಸ್ಪತ್ರೆಯಲ್ಲಿ. ಆದ್ದರಿಂದ ಈ ಸಲ ಕವಿತೆ, ಪುಸ್ತಕ ಪರಿಚಯ ಬಿಟ್ಟು ನಡಿಗೆಯ ವಿಷಯ. ಓದುಗರು ಸಹಿಸಿಕೊಳ್ಳಬೇಕು.

ನಡೆಯುವುದನ್ನು ನಾವು ಒಂದು ಕೆಲಸ ಎಂದೇ ಎಣಿಸುವುದಿಲ್ಲ. ನಡೆಯುತ್ತಾ ಮಾತಾಡುತ್ತೇವೆ, ಫೋನ್ ನೋಡುತ್ತೇವೆ, ನಾಳೆಯ ಚಿಂತೆ ಮಾಡುತ್ತೇವೆ. ಹಾಗಾದರೆ ಕಾಲನ್ನು ನಡೆಸುತ್ತಿರುವವರು ಯಾರು? ಇದಕ್ಕೆ ಮೊದಲ ಒಳ್ಳೆಯ ಉತ್ತರ ಬಂದದ್ದು 1911ರಲ್ಲಿ, ಥಾಮಸ್ ಗ್ರಹಾಂ ಬ್ರೌನ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿಯಿಂದ. ಅವರು ಬೆಕ್ಕಿನ ಬೆನ್ನುಹುರಿಯನ್ನು ಕತ್ತರಿಸಿ ಮೆದುಳಿನ ಸಂಪರ್ಕ ತಪ್ಪಿಸಿದರು, ಹಿಂಗಾಲಿನಿಂದ ಬೆನ್ನುಹುರಿಗೆ ಸುದ್ದಿ ತರುವ ನರಗಳನ್ನೂ ಕತ್ತರಿಸಿದರು. ಮೇಲಿನಿಂದ ಆಜ್ಞೆಯಿಲ್ಲ, ಕೆಳಗಿನಿಂದ ವರದಿಯಿಲ್ಲ. ಆದರೂ ಕಾಲನ್ನು ಮಡಿಸುವ ಸ್ನಾಯು, ಚಾಚುವ ಸ್ನಾಯು ಸರದಿಯ ಮೇಲೆ ಬಿಗಿದು ಸಡಿಲಿಸಿ ನಡಿಗೆಯ ತಾಳ ಹಾಕಿದವು. ಅಂದರೆ ತಾಳ ಹಾಕುವ ಯಂತ್ರ ಬೆನ್ನುಹುರಿಯಲ್ಲೇ ಇದೆ. ಬೆಕ್ಕಿನ ಪಾಲಿಗೆ ಕ್ರೂರವಾದ ಪ್ರಯೋಗ, ಅದರಲ್ಲಿ ಎರಡು ಮಾತಿಲ್ಲ. (ಈ ಗ್ರಹಾಂ ಬ್ರೌನ್ ಮುಂದೆ ಹೆಸರು ಮಾಡಿದ್ದು ಪರ್ವತಾರೋಹಿಯಾಗಿ. 1927 ಮತ್ತು 1928ರಲ್ಲಿ ಫ್ರಾಂಕ್ ಸ್ಮೈತ್ ಜೊತೆ ಮೋಂ ಬ್ಲಾಂ ಪರ್ವತದ ಬ್ರೆನ್ವಾ ಮುಖದ ಮೇಲೆ ಎರಡು ಹೊಸ ದಾರಿ ಹತ್ತಿದರು. ನಡಿಗೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡವರು ಅಪರೂಪ!)

ಇದಾದ ಅರ್ಧ ಶತಮಾನದ ಮೇಲೆ, 1966ರಲ್ಲಿ, ಮಾಸ್ಕೋದ ಶಿಕ್, ಸೆವೆರಿನ್, ಓರ್ಲೋವ್ಸ್ಕಿ ಎಂಬ ಮೂವರು ಮೇಲಿನ ಅಂತಸ್ತಿನ ಗುಟ್ಟು ಬಿಡಿಸಿದರು. ಮೆದುಳು ಬೆನ್ನುಹುರಿಗೆ ಸೇರುವ ಕಾಂಡದಲ್ಲಿ, ಅದರ ಮೇಲ್ಭಾಗದಲ್ಲಿ, ಒಂದು ಸಣ್ಣ ಜಾಗ. ದೊಡ್ಡ ಮೆದುಳಿನ ಸಂಪರ್ಕ ಕಳೆದುಕೊಂಡ ಬೆಕ್ಕನ್ನು ಓಡುವ ಪಟ್ಟಿಯ ಮೇಲೆ ನಿಲ್ಲಿಸಿ ಈ ಜಾಗಕ್ಕೆ ಸ್ವಲ್ಪ ವಿದ್ಯುತ್ ಕೊಟ್ಟರೆ ಬೆಕ್ಕು ನಡೆಯಿತು. ವಿದ್ಯುತ್ ಹೆಚ್ಚಿಸಿದರೆ ಚುರುಕಾಗಿ ಹೆಜ್ಜೆ ಹಾಕಿತು, ಇನ್ನೂ ಹೆಚ್ಚಿಸಿದರೆ ನೆಗೆದು ಓಡಿತು. ಯಾವ ಸ್ನಾಯು ಯಾವಾಗ ಎಂಬ ವಿವರವೇನೂ ಈ ಆಜ್ಞೆಯಲ್ಲಿಲ್ಲ. ಮನೆಯ ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದಂತೆ, ಅಷ್ಟೇ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಕೆಳಗಿನ ಪದರದ ಪ್ರೋಗ್ರಾಮು ಯಂತ್ರದಲ್ಲೇ ಬರೆದಿಟ್ಟದ್ದು. ಮೇಲಿನ ಪದರ 'ಶುರು', 'ನಿಲ್ಲು', 'ಬೇಗ' ಎಂದು ಕರೆದರೆ ಸಾಕು.

ಆದರೆ ಮನುಷ್ಯ ಬೆಕ್ಕಲ್ಲ. ಎರಡೇ ಕಾಲಿನ ಮೇಲೆ ನೆಟ್ಟಗೆ ನಿಲ್ಲುವ ನಮಗೆ ಮೇಲಿನ ಪದರಗಳ ಸಹಾಯ ಹೆಚ್ಚು ಬೇಕು. ಆ ಪದರಗಳಲ್ಲಿ ಏನು ನಡೆಯುತ್ತದೆ ಎಂದು ನೋಡುವುದು ಹೇಗೆ? ಮೆದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ರಕ್ತದ ಹರಿವಿನ ಮೂಲಕ ತೋರಿಸುವ ಎಂ.ಆರ್.ಐ. ಯಂತ್ರ 1990ರ ದಶಕದಲ್ಲಿ ಬಂತು. ಅದರೊಳಗೆ ಹೋದವರಿಗೆ ಗೊತ್ತು: ಕೊಳವೆಯಲ್ಲಿ ಅಂಗಾತ ಮಲಗಬೇಕು, ತಲೆ ಕೆಲವು ಮಿಲಿಮೀಟರ್ ಅಲುಗಿದರೂ ಚಿತ್ರ ಹಾಳು. ನಡಿಗೆಯನ್ನು ಅಳೆಯಬೇಕಾದ ಯಂತ್ರದೊಳಗೆ ನಡೆಯುವಂತಿಲ್ಲ!

ಇದಕ್ಕೆ ಸಿಕ್ಕಿದ ಉಪಾಯ ಸರಳವಾದದ್ದು. ನಡೆಯಬೇಡಿ, ನಡೆಯುತ್ತಿದ್ದೇನೆ ಎಂದು ಕಲ್ಪಿಸಿಕೊಳ್ಳಿ.

ಮೊದಲು ಓದಿದಾಗ ನಮಗೆ ನಗು ಬಂತು. ಊಟವನ್ನು ಕಲ್ಪಿಸಿಕೊಂಡರೆ ಹೊಟ್ಟೆ ತುಂಬುತ್ತದೆಯೇ? ಆದರೆ ಕಲ್ಪನೆಯ ನಡಿಗೆ ಬರೀ ಮಾತಲ್ಲ ಎನ್ನುವುದಕ್ಕೆ ಒಳ್ಳೆಯ ಪುರಾವೆಗಳಿವೆ. ಫ್ರಾನ್ಸಿನ ಝಾಂ ಡೆಸೆಟಿ, ಮಾರ್ಕ್ ಝಾನೆರೋ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಬೇರೆ ಬೇರೆ ದೂರದಲ್ಲಿದ್ದ ಗುರುತನ್ನು ತೋರಿಸಿ ಕಣ್ಣು ಕಟ್ಟಿದರು. ಒಂದು ಸಲ ನಿಜವಾಗಿ ನಡೆಯಬೇಕು, ಇನ್ನೊಂದು ಸಲ ನಿಂತಲ್ಲೇ ಮನಸ್ಸಿನಲ್ಲಿ ನಡೆಯಬೇಕು. ಎರಡಕ್ಕೂ ಹಿಡಿದ ಸಮಯ ಹೆಚ್ಚುಕಡಿಮೆ ಒಂದೇ. ದೂರ ಹೆಚ್ಚಾದಂತೆ ಕಲ್ಪನೆಯ ಸಮಯವೂ ಹೆಚ್ಚಾಯಿತು. ಆಮೇಲೆ ಬೆನ್ನಿಗೆ 25 ಕಿಲೋ ಹೊರೆ ಹೊರಿಸಿದರು. ನಿಜವಾದ ನಡಿಗೆಗೆ ಮೊದಲಿನಷ್ಟೇ ಸಮಯ ಹಿಡಿಯಿತು. ಮನಸ್ಸಿನ ನಡಿಗೆಗೆ ಮಾತ್ರ ಹೆಚ್ಚು ಸಮಯ ಬೇಕಾಯಿತು! ಮೆದುಳು ಹೊರೆಗೆ ತಕ್ಕಂತೆ ಹೆಚ್ಚಿನ ಬಲದ ಲೆಕ್ಕ ಹಾಕುತ್ತದೆ, ಆದರೆ ಆ ಬಲವನ್ನು ಖರ್ಚು ಮಾಡಲು ಕಾಲು ಅಲ್ಲಿಲ್ಲವಲ್ಲ, ಆ ಪ್ರಯಾಸವೇ ಸಮಯವಾಗಿ ತೋರುತ್ತದೆ ಎಂಬುದು ಅವರ ವಿವರಣೆ. ಇದೇ ಗುಂಪು 1991ರಲ್ಲಿ ಗಂಟೆಗೆ 5, 8, 12 ಕಿಲೋಮೀಟರ್ ವೇಗದ ನಡಿಗೆ-ಓಟವನ್ನು ಕಲ್ಪಿಸಿಕೊಳ್ಳಲು ಹೇಳಿ ನೋಡಿತು. ಕಲ್ಪನೆಯ ವೇಗ ಏರಿದಂತೆ ಸುಮ್ಮನೆ ಇದ್ದವರ ಎದೆಬಡಿತ, ಉಸಿರಾಟ ಕೂಡ ಏರಿದವು.

ನೀವೂ ಪರೀಕ್ಷಿಸಿ ನೋಡಬಹುದು. ಕೂತಲ್ಲಿಂದ ನಿಮ್ಮ ಅಡುಗೆಮನೆಯ ನಲ್ಲಿಯವರೆಗೆ ಮನಸ್ಸಿನಲ್ಲಿ ನಡೆದು ಗಡಿಯಾರ ನೋಡಿಕೊಳ್ಳಿ, ಆಮೇಲೆ ಎದ್ದು ನಡೆಯಿರಿ. ಒಂದು ಎಚ್ಚರಿಕೆ. ನಿಮ್ಮನ್ನು ನೀವೇ ಸಿನಿಮಾದಲ್ಲಿ ನೋಡಿದಂತೆ ದೂರದಿಂದ ನೋಡಬಾರದು. ಅಂಗಾಲಿಗೆ ನೆಲ ತಾಗಬೇಕು, ಸೋಫಾ ಪಕ್ಕಕ್ಕೆ ಸರಿದು ಹೋಗಬೇಕು. ಮೊದಲನೆಯದು ನೋಡುವ ಕಲ್ಪನೆ, ಎರಡನೆಯದು ಮಾಡುವ ಕಲ್ಪನೆ. ಮೆದುಳಿಗೆ ಇವೆರಡೂ ಒಂದೇ ಅಲ್ಲ.

ಈಗ ಗ್ರೋಸ್‌ಹಾಡರ್ನ್‌ಗೆ ಬರೋಣ. ಕ್ಲೌಸ್ ಯಾನ್, ಥಾಮಸ್ ಬ್ರಾಂಟ್ ಮತ್ತಿತರರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರನ್ನು ಯಂತ್ರದೊಳಗೆ ಮಲಗಿಸಿ, ಕಣ್ಣು ಮುಚ್ಚಿಸಿ, ನಿಂತಿದ್ದೇನೆ, ನಡೆಯುತ್ತಿದ್ದೇನೆ, ಓಡುತ್ತಿದ್ದೇನೆ ಎಂದು ಕಲ್ಪಿಸಿಕೊಳ್ಳಲು ಹೇಳಿದರು. ಬರೀ ಮಲಗಿದ್ದಾಗಿನ ಚಿತ್ರದ ಜೊತೆ ಹೋಲಿಸಿದಾಗ ಮೂರಕ್ಕೂ ಮೂರು ಬೇರೆ ನಕ್ಷೆ. ನಿಲ್ಲುವಾಗ ಮೆದುಳಿನ ಆಳದ ಥಾಲಮಸ್, ಬೇಸಲ್ ಗ್ಯಾಂಗ್ಲಿಯಾ, ಮತ್ತು ಕಿರುಮೆದುಳಿನ ನಡುಭಾಗ. ನಡೆಯುವಾಗ ದಾರಿ, ಜಾಗಗಳನ್ನು ಗುರುತಿಸುವ ಭಾಗಗಳು ಮತ್ತು ದೃಷ್ಟಿಯ ಭಾಗಗಳು ಎದ್ದು ಕಂಡವು (ಕಣ್ಣು ಮುಚ್ಚಿದ್ದರೂ!). ಓಡುವಾಗ ಅವು ಹಿಂದೆ ಸರಿದು ಕಿರುಮೆದುಳಿನ ಕೆಲಸ ಜೋರಾಯಿತು.

ನಮಗೆ ಆಶ್ಚರ್ಯವಾದದ್ದು ಈ ಕೊನೆಯ ಮಾತು. ಓಟ ಕಷ್ಟ, ನಡಿಗೆ ಸುಲಭ ಎಂದಲ್ಲವೇ ನಮ್ಮ ಎಣಿಕೆ? ದಣಿವಿನ ಲೆಕ್ಕದಲ್ಲಿ ಹೌದು. ನಿಯಂತ್ರಣದ ಲೆಕ್ಕದಲ್ಲಿ ಉಲ್ಟಾ. ನಿಧಾನದ ನಡಿಗೆಗೆ ಕಣ್ಣು, ಕಿವಿಯೊಳಗಿನ ಸಮತೋಲದ ಅಂಗ, ಪಾದದ ಸ್ಪರ್ಶ ಎಲ್ಲದರ ವರದಿ ಕ್ಷಣಕ್ಷಣಕ್ಕೂ ಬೇಕು; ಓಟ ಹೆಚ್ಚು ತಾನೇತಾನಾಗಿ ಸಾಗುವ ಕೆಲಸ. ಇದೇ ಬ್ರಾಂಟ್ ಮತ್ತು ಸಂಗಡಿಗರು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ನಾಯಿಯ ಕಥೆ ಬರೆದಿದ್ದರು. ಒಂದು ಕಡೆಯ ಸಮತೋಲದ ಅಂಗ ಇದ್ದಕ್ಕಿದ್ದಂತೆ ಕೆಟ್ಟುಹೋದ ಆ ನಾಯಿ ನಿಧಾನವಾಗಿ ನಡೆದರೆ ಪಕ್ಕಕ್ಕೆ ವಾಲುತ್ತಿತ್ತು, ಓಡಿದರೆ ನೇರವಾಗಿ ಹೋಗುತ್ತಿತ್ತು. ಅದೇ ತೊಂದರೆಯಿದ್ದ ರೋಗಿಗಳನ್ನು ಪರೀಕ್ಷಿಸಿದಾಗ ಅವರೂ ಹಾಗೆಯೇ. ಯಂತ್ರದೊಳಗೆ ಮಲಗಿದವರ ಕಲ್ಪನೆ ರಸ್ತೆಯ ಮೇಲಿನ ನಾಯಿಯ ಜೊತೆ ಒಪ್ಪಿತು.

ಕಲ್ಪನೆಯ ನಡಿಗೆಯನ್ನು ಮೆದುಳು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಇಲ್ಲಿ ಹೇಳಲೇಬೇಕು. ಇಂಗ್ಲೆಂಡಿನಲ್ಲಿ 2005ರ ಒಂದು ರಸ್ತೆ ಅಪಘಾತದ ನಂತರ 23 ವರ್ಷದ ಒಬ್ಬ ಹೆಣ್ಣುಮಗಳು ಕಣ್ಣು ತೆರೆದರೂ ಯಾವುದಕ್ಕೂ ಸ್ಪಂದಿಸದ ಸ್ಥಿತಿಯಲ್ಲಿದ್ದಳು. ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಅವಳನ್ನು ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ ಎರಡು ಮಾತು ಹೇಳಿದರು: ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೋ; ನಿನ್ನ ಮನೆಯ ಒಂದೊಂದು ಕೋಣೆಯಲ್ಲೂ ಓಡಾಡುತ್ತಿರುವಂತೆ ಕಲ್ಪಿಸಿಕೋ. ಎರಡಕ್ಕೂ ಆರೋಗ್ಯವಂತರ ಮೆದುಳಿನಲ್ಲಿ ಕಾಣುವ ನಕ್ಷೆಗಳೇ ಅವಳಲ್ಲೂ ಕಂಡವು. 2006ರಲ್ಲಿ ಇದು ಪ್ರಕಟವಾಯಿತು. 2010ರ ಹೊತ್ತಿಗೆ ಇಂಥದೇ ಸ್ಥಿತಿಯ ಮತ್ತೊಬ್ಬ ರೋಗಿಯಿಂದ 'ಹೌದು' ಎನ್ನಲು ಟೆನಿಸ್, 'ಇಲ್ಲ' ಎನ್ನಲು ಮನೆಯ ಓಡಾಟ ಎಂಬ ಸಂಕೇತದಲ್ಲಿ ಪ್ರಶ್ನೆಗಳಿಗೆ ಉತ್ತರ ಪಡೆಯಲೂ ಸಾಧ್ಯವಾಯಿತು. ಇದನ್ನು ಓದಿದ ರಾತ್ರಿ ನಾವು ಬಹಳ ಹೊತ್ತು ಮಲಗಲಿಲ್ಲ.

ಸರಿ, ಆದರೆ ಕಲ್ಪನೆ ಮತ್ತು ನಿಜ ಪೂರ್ತಿ ಒಂದೇ ಆಗಿರಲಿಕ್ಕಿಲ್ಲವಲ್ಲ? ಮ್ಯೂನಿಕ್‌ನವರಿಗೂ ಈ ಅನುಮಾನವಿತ್ತು. 2010ರ ಅಧ್ಯಯನದಲ್ಲಿ ಅವರು ಜಾಣತನದ ದಾರಿ ಹಿಡಿದರು. ವಿಕಿರಣದ ಗುರುತು ಹಚ್ಚಿದ ಸಕ್ಕರೆಯಂಥ ವಸ್ತುವನ್ನು ರಕ್ತಕ್ಕೆ ಚುಚ್ಚಿ, ನಿಜವಾಗಿಯೇ ಹತ್ತು ನಿಮಿಷ ನಡೆಸಿ, ಆಮೇಲೆ ಸ್ಕ್ಯಾನ್ ಮಾಡಿದರು. ಹೆಚ್ಚು ಕೆಲಸ ಮಾಡಿದ ನರಕೋಶಗಳು ಆ ಸಕ್ಕರೆಯನ್ನು ಹೆಚ್ಚು ಹೀರಿಕೊಂಡು ಒಳಗೇ ಇಟ್ಟುಕೊಂಡಿರುತ್ತವೆ. ಹಾಗಾಗಿ ನಡೆದು ಮುಗಿದ ಮೇಲೂ ಯಾರು ದುಡಿದರು ಎಂಬ ಲೆಕ್ಕ ಸಿಗುತ್ತದೆ, ಹಬ್ಬದ ಮಾರನೇ ದಿನ ಎಂಜಲೆಲೆ ನೋಡಿ ಯಾರು ಎಷ್ಟು ಉಂಡರು ಎಂದು ಹೇಳಿದ ಹಾಗೆ. ಇದನ್ನು ಕಲ್ಪನೆಯ ನಡಿಗೆಯ ಚಿತ್ರದ ಪಕ್ಕ ಇಟ್ಟಾಗ ಬಹುಪಾಲು ಜಾಲ ಒಂದೇ ಆಗಿತ್ತು. ವ್ಯತ್ಯಾಸ ಇದ್ದದ್ದು ಇಲ್ಲಿ: ಒಂದೇ ಸಮನೆ ನಡೆಯುತ್ತಿದ್ದಾಗ ಸ್ನಾಯುಗಳಿಗೆ ನೇರ ಆಜ್ಞೆ ಕಳಿಸುವ ಮೆದುಳಿನ ಪಟ್ಟಿ ದುಡಿಯುತ್ತಿತ್ತು, ಕಲ್ಪನೆಯಲ್ಲಿ ಅದರ ಬದಲು ಅದಕ್ಕೂ ಮುಂದಿರುವ ಯೋಜನೆಯ ಭಾಗ ಮತ್ತು ಬೇಸಲ್ ಗ್ಯಾಂಗ್ಲಿಯಾ ದುಡಿಯುತ್ತಿದ್ದವು. ಹೊರಡುವುದು, ವೇಗ ಬದಲಿಸುವುದು, ನಿಲ್ಲುವುದು ಇಂಥ ಸಂದರ್ಭಗಳ ದಾರಿ ಈ ಎರಡನೆಯದು ಎಂಬುದು ಅವರ ಅಭಿಪ್ರಾಯ.

ಇಲ್ಲಿಗೆ ಬರುವ ಹೊತ್ತಿಗೆ ನಮ್ಮ ಕಣ್ಣ ಮುಂದೆ ಅಡುಗೆಮನೆಯ ಬಾಗಿಲು ನಿಂತಿತ್ತು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ಸಾಯುತ್ತಾ ಹೋಗಿ ಮೊದಲು ಸೊರಗುವುದು ಇದೇ ಬೇಸಲ್ ಗ್ಯಾಂಗ್ಲಿಯಾದ ಕೆಲಸ. ಹೊರಡುವಾಗ, ತಿರುಗುವಾಗ, ಇಕ್ಕಟ್ಟಿನ ಬಾಗಿಲು ಎದುರಾದಾಗ ಕಾಲು ಕಚ್ಚಿಕೊಳ್ಳುವುದು ಈ ಕಾಯಿಲೆಯ ಪರಿಚಿತ ಲಕ್ಷಣ.

ನೆದರ್‌ಲೆಂಡ್ಸ್‌ನ ನೈಮೇಗನ್‌ನಲ್ಲಿ ಬಾಸ್ ಬ್ಲೂಮ್ ಎಂಬ ವೈದ್ಯರ ಗುಂಪು ಇದನ್ನೇ ಕಲ್ಪನೆಯ ಮೂಲಕ ನೋಡಿದೆ. ಯಂತ್ರದಲ್ಲಿ ಮಲಗಿದವರಿಗೆ ಉದ್ದನೆಯ ಓಣಿಯೊಂದರ ಫೋಟೋ ತೋರಿಸುತ್ತಾರೆ. ನೆಲದ ಮೇಲೆ ಒಂದು ದಾರಿ, ಕೆಲವು ಸಲ ಅಗಲ, ಕೆಲವು ಸಲ ಒಂಬತ್ತೇ ಸೆಂಟಿಮೀಟರ್. ಕಣ್ಣು ಮುಚ್ಚಿ ಅದರ ಮೇಲೆ ನಡೆದು, ಹೊರಟಾಗ ಒಮ್ಮೆ, ಮುಟ್ಟಿದಾಗ ಒಮ್ಮೆ ಗುಂಡಿ ಒತ್ತಬೇಕು. ಕಿರಿದಾದ ದಾರಿಗೆ ಕಲ್ಪನೆಯಲ್ಲೂ ಹೆಚ್ಚು ಹೊತ್ತು ಬೇಕಾಗುತ್ತದೆ, ಗೋಡೆಯ ಮೇಲೆ ಕಾಲಿಟ್ಟ ಮಕ್ಕಳ ಹಾಗೆ. 2011ರಲ್ಲಿ ಈ ಗುಂಪು ಕಾಲು ಕಚ್ಚಿಕೊಳ್ಳುವ ಪಾರ್ಕಿನ್ಸನ್ ರೋಗಿಗಳನ್ನೂ ಕಚ್ಚಿಕೊಳ್ಳದವರನ್ನೂ ಹೋಲಿಸಿತು. ಕಚ್ಚಿಕೊಳ್ಳುವವರಲ್ಲಿ ಕಲ್ಪನೆಯ ನಡಿಗೆಯ ವೇಳೆ ಮೆದುಳಿನ ಮುಂಭಾಗದ ಒಳಮೈಯ ಕೆಲಸ ಕಡಿಮೆಯಾಗಿತ್ತು, ಮೆದುಳು ಕಾಂಡದ ಆ ಹಳೆಯ 'ರೆಗ್ಯುಲೇಟರ್' ಜಾಗದಲ್ಲಿ ಕೆಲಸ ಹೆಚ್ಚಾಗಿತ್ತು. ಮಾಸ್ಕೋದ ಬೆಕ್ಕಿನಲ್ಲಿ ಸಿಕ್ಕಿತ್ತಲ್ಲ, ಅದೇ ಜಾಗ. ಮೇಲಿನವರು ಕೈಬಿಟ್ಟದ್ದನ್ನು ಕೆಳಗಿನವರು ತೂಗಿಸಲು ಹೆಣಗುತ್ತಿದ್ದಾರೆ; ಬಾಗಿಲು ಎದುರಾದಾಗ ಆ ಹೆಣಗಾಟವೂ ಸಾಲದೆ ಹೋಗುತ್ತದೆ. ಹಠಕ್ಕೂ ಇದಕ್ಕೂ ಏನು ಸಂಬಂಧ?

ಹಾಗಾದರೆ ಮೆಟ್ಟಿಲು? ಅದಕ್ಕೂ ಉತ್ತರವಿತ್ತು, ಮತ್ತು ಬಹಳ ಹಿಂದೆಯೇ ಇತ್ತು. ಲಂಡನ್ನಿನ ಪರ್ಡನ್ ಮಾರ್ಟಿನ್ ಎಂಬ ನರವೈದ್ಯರು 1967ರ ತಮ್ಮ ಪುಸ್ತಕದಲ್ಲಿ ನೆಲದ ಮೇಲೆ ಅಡ್ಡಗೆರೆ ಎಳೆದರೆ ಇಂಥ ರೋಗಿಗಳು ಗೆರೆ ದಾಟುತ್ತಾ ನಡೆಯುತ್ತಾರೆ ಎಂದು ಬರೆದಿದ್ದಾರೆ. ಉದ್ದಗೆರೆ ಎಳೆದರೆ ಪ್ರಯೋಜನವಿಲ್ಲ, ಅಡ್ಡಗೆರೆಯೇ ಬೇಕು. ಒಳಗಿನಿಂದ ಬರಬೇಕಾದ 'ಶುರು' ಎಂಬ ಆಜ್ಞೆ ಬರದೇ ಹೋದಾಗ ಕಣ್ಣಿಗೆ ಕಂಡ ಗುರುತು ಬೇರೆ ದಾರಿಯಿಂದ, ದೃಷ್ಟಿಯ ಭಾಗಗಳ ಮೂಲಕ, ಕಾಲನ್ನು ಎಬ್ಬಿಸುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಮೆಟ್ಟಿಲ ಸಾಲು ಎಂದರೆ ತಾನಾಗಿಯೇ ಎಳೆದಿಟ್ಟ ಅಡ್ಡಗೆರೆಗಳ ಸಾಲಲ್ಲವೇ! ನೈಮೇಗನ್‌ನವರೇ 2010ರಲ್ಲಿ ವರದಿ ಮಾಡಿದ 58 ವರ್ಷದ ರೋಗಿಯೊಬ್ಬರಂತೂ ನಾಲ್ಕು ಹೆಜ್ಜೆ ಇಡಲಾರದೆ ಬೀಳುತ್ತಿದ್ದವರು, ಸೈಕಲ್ ಹತ್ತಿಸಿದರೆ ಸಲೀಸಾಗಿ ತುಳಿದುಕೊಂಡು ಹೋಗಿ ತಿರುಗಿಸಿಕೊಂಡೂ ಬಂದರು. ಇಳಿದರೆ ಮತ್ತೆ ಕಾಲು ಕಚ್ಚಿತು.

ಆ ಶನಿವಾರ ನಾವು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹಳದಿ ಟೇಪ್ ತಂದೆವು. ಅಡುಗೆಮನೆಯ ಬಾಗಿಲಲ್ಲಿ ಐದು ಅಡ್ಡಗೆರೆ, ಬಚ್ಚಲುಮನೆಯ ಬಾಗಿಲಲ್ಲಿ ಐದು. ಹಿಂದಿನ ಸಂಜೆಯ ಮಾತಿಗೆ ಕ್ಷಮೆ ಕೇಳಿದೆವು. ಅಪ್ಪ ಟೇಪನ್ನು ನೋಡಿ, "ಇದೇನಯ್ಯಾ, ಕುಂಟಾಬಿಲ್ಲೆ ಆಡಿಸ್ತೀಯಾ ನನ್ನ ಕೈಲಿ?" ಎಂದರು. ಆಡಿದರು. ಅಡುಗೆಮನೆಯಲ್ಲಿ ಹತ್ತಕ್ಕೆ ಎಂಟು ಸಲ ದಾಟುತ್ತಿದ್ದರು. ಬಚ್ಚಲುಮನೆಯಲ್ಲಿ ಅಷ್ಟು ಅದೃಷ್ಟವಿರಲಿಲ್ಲ, ಅಲ್ಲಿ ಬಾಗಿಲು ದಾಟಿದ ಕೂಡಲೇ ತಿರುಗಬೇಕು, ತಿರುವಿಗೆ ಗೆರೆ ಹೇಗೆ ಹಾಕುವುದು ಎಂದು ಕೊನೆಯವರೆಗೂ ನಮಗೆ ತಿಳಿಯಲಿಲ್ಲ. ಟೇಪಿಗಿಂತ ಹೆಚ್ಚು ಕೆಲಸ ಮಾಡಿದ್ದು ಬಹುಶಃ ನಮ್ಮ ಬಾಯಿ ಮುಚ್ಚಿದ್ದು. ವಯಸ್ಸಾದವರು ಮಾತಾಡಿಸಿದಾಗ ನಡಿಗೆ ನಿಲ್ಲಿಸುತ್ತಾರೆಯೇ ಎಂದು ಸ್ವೀಡನ್ನಿನವರು 1997ರಲ್ಲಿ ನೋಡಿದ್ದರು. ಹಾಗೆ ನಿಲ್ಲಿಸುವವರು ಮುಂದೆ ಬೀಳುವ ಸಂಭವ ಹೆಚ್ಚು ಎಂದು ತಿಳಿದುಬಂದಿತ್ತು. ತಾನಾಗಿ ಆಗಬೇಕಾದ ಕೆಲಸಕ್ಕೆ ಗಮನವನ್ನೆಲ್ಲ ಸುರಿಯುತ್ತಿರುವವರಿಗೆ ಹಿಂದಿನಿಂದ "ಬನ್ನಿ, ಬನ್ನಿ" ಎನ್ನುವುದು ಉಪಕಾರವಲ್ಲ. ನಮ್ಮಾಕೆ ಕಾಫಿ ಲೋಟದ ಮೇಲೆ ತಟ್ಟೆ ಮುಚ್ಚಿ ಸುಮ್ಮನೆ ಕಾಯುವುದನ್ನು ಕಲಿತಳು. ನಮಗೆ ಇನ್ನೂ ಸ್ವಲ್ಪ ದಿನ ಹಿಡಿಯಿತು. (ಔಷಧಿಯ ಪ್ರಮಾಣ, ವ್ಯಾಯಾಮ ಇವೆಲ್ಲ ವೈದ್ಯರು ಹೇಳಬೇಕಾದ್ದು. ಟೇಪ್ ಅಂಟಿಸುವುದಷ್ಟೇ ನಮ್ಮ ವ್ಯಾಪ್ತಿ.)

ಹೊರಡುವ ವಾರ ಅಪ್ಪನಿಗೆ ಈ ಕಥೆಯನ್ನೆಲ್ಲ ಹೇಳಿ, ನೀವೂ ಒಂದು ಸಲ ಕಲ್ಪನೆಯಲ್ಲಿ ನಡೆದು ನೋಡಿ ಎಂದೆವು. ಅಗ್ರಹಾರದ ನಮ್ಮ ಮನೆಯಿಂದ ದೇವರಾಜ ಮಾರುಕಟ್ಟೆಯವರೆಗೆ. ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತರು. ನಾವು ಗಡಿಯಾರ ಹಿಡಿದುಕೊಂಡೆವು. ಹತ್ತು ನಿಮಿಷವಾಯಿತು, ಇಪ್ಪತ್ತು, ಮೂವತ್ತಾಯಿತು. ನಿದ್ದೆ ಹೋದರೇನೋ ಎಂದುಕೊಳ್ಳುವಷ್ಟರಲ್ಲಿ ಕಣ್ಣು ಬಿಟ್ಟರು.

"ಕಾಲು ಎಲ್ಲಾದರೂ ಕಚ್ಚಿಕೊಳ್ತಾ ಅಪ್ಪ?"

"ಮನೆ ಬಾಗಿಲಲ್ಲಿ ಒಂದು ಸಲ" ಎಂದರು. "ಆಮೇಲೆ ಇಲ್ಲ. ತಡವಾಗಿದ್ದು ಹೂವಿನ ಅಂಗಡಿ ಹತ್ತಿರ. ಮಾರು ಮಲ್ಲಿಗೆಗೆ ಬಾಯಿಗೆ ಬಂದ ರೇಟು ಹೇಳ್ತಾನೆ, ಚೌಕಾಸಿ ಮಾಡದೆ ಹೇಗೆ ಬರೋದು?"